ಪ್ರಜನನ ಆರೋಗ್ಯ: ಚರಿತ್ರೆ, ಭಾಷೆ ಮತ್ತು ಒಪ್ಪಿಗೆಯ ಪ್ರಶ್ನೆ

೧

ಕನ್ನಡ ವಿಭಾಗವೊಂದು ಹೊರತರುವ ಸಂಪುಟದಲ್ಲಿ ಬಸಿರು, ಹೆರಿಗೆ, ಸಂತಾನನಿಯಂತ್ರಣಗಳನ್ನು ಕುರಿತ ಬರಹಕ್ಕೆ ಎಡೆಯೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜ. ಇವು ವೈದ್ಯರ, ಜನಸಂಖ್ಯಾಶಾಸ್ತ್ರಜ್ಞರ ವಿಷಯಗಳೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹೆಣ್ಣು ತನ್ನ ದೇಹದ ನೋವನ್ನು ಯಾರ ಮುಂದೆ, ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾಳೆ, ಅವಳ ಪರವಾಗಿ ಯಾರು ತೀರ್ಮಾನ ಮಾಡುತ್ತಾರೆ ಎಂಬ ಪ್ರಶ್ನೆಗಳು ಭಾಷೆಗೂ ಸಂಸ್ಕೃತಿಗೂ ಸೇರಿದವು. ಈ ನೆಲೆಯಿಂದ ನೋಡಿದಾಗ ಪ್ರಜನನ ಆರೋಗ್ಯದ ಚರಿತ್ರೆಯೆಂಬುದು ಒಪ್ಪಿಗೆಯ ಚರಿತ್ರೆಯೂ ಆಗುತ್ತದೆ. ಪುಣೆ ಸೀಮೆ ಮತ್ತು ಕನ್ನಡ ನಾಡುಗಳ ಕೆಲವು ನಿದರ್ಶನಗಳ ಮೂಲಕ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧೯೯೪ರಲ್ಲಿ ಕೈರೋ ನಗರದಲ್ಲಿ ನಡೆದ ಜನಸಂಖ್ಯೆ ಮತ್ತು ಅಭಿವೃದ್ಧಿ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು 'ಪ್ರಜನನ ಆರೋಗ್ಯ' ಎಂಬ ಪರಿಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟಿತು. ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ; ಸುರಕ್ಷಿತವಾದ, ತೃಪ್ತಿಕರವಾದ ಲೈಂಗಿಕ ಬದುಕು, ಮಕ್ಕಳು ಬೇಕೇ, ಎಷ್ಟು, ಯಾವಾಗ ಎಂದು ತಾವೇ ನಿರ್ಧರಿಸುವ ಸ್ವಾತಂತ್ರ್ಯ, ಅದಕ್ಕೆ ಬೇಕಾದ ತಿಳಿವಳಿಕೆ ಹಾಗೂ ಸೇವೆ ದೊರೆಯುವಿಕೆ ಇವೆಲ್ಲವೂ ಅದರಲ್ಲಿ ಅಡಕವಾಗಿವೆ ಎಂದು ಆ ಸಮ್ಮೇಳನ ಹೇಳಿತು. ಅಲ್ಲಿಯವರೆಗೆ ಸರ್ಕಾರಗಳು ಎಣಿಸುತ್ತಿದ್ದುದು ತಲೆಗಳನ್ನು. ಇನ್ನು ಮುಂದೆ ಕೇಳಬೇಕಾದುದು ವ್ಯಕ್ತಿಯ ಇಚ್ಛೆಯನ್ನು ಎಂಬುದು ಇದರ ತಾತ್ಪರ್ಯ. ಇದರ ಪರಿಣಾಮವಾಗಿ ಭಾರತದಲ್ಲಿ ೧೯೯೬ರಲ್ಲಿ ಕುಟುಂಬ ಯೋಜನೆಯ ಗುರಿ ನಿಗದಿಯ ಪದ್ಧತಿಯನ್ನು ಕೈಬಿಡಲಾಯಿತು; ೧೯೯೭ರಲ್ಲಿ ಪ್ರಜನನ ಮತ್ತು ಶಿಶು ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆದರೆ ಕೈರೋ ಎತ್ತಿದ ಪ್ರಶ್ನೆ ನಮಗೆ ಹೊಸದಾಗಿರಲಿಲ್ಲ. ಅದಕ್ಕಿಂತ ನೂರು ವರ್ಷಗಳಿಗೂ ಹಿಂದೆಯೇ ಪುಣೆಯಲ್ಲಿ ಅದು ಎದ್ದಿತ್ತು.

೨

೧೮೬೩ರಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯ ತಮ್ಮ ಮನೆಯಲ್ಲಿ 'ಬಾಲಹತ್ಯಾ ಪ್ರತಿಬಂಧಕ ಗೃಹ'ವನ್ನು ತೆರೆದರು. ಬಸಿರಾದ ವಿಧವೆಯರು ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರುವುದಕ್ಕೆ ಅಲ್ಲಿ ಅವಕಾಶವಿತ್ತು. ಮರುಮದುವೆಯಿಲ್ಲದ ಮೇಲ್ಜಾತಿಯ ವಿಧವೆಗೆ ಅಂದು ಉಳಿದಿದ್ದ ದಾರಿಗಳೆಂದರೆ ಕಳ್ಳಬಸಿರನ್ನು ಇಳಿಸಲು ಹೋಗಿ ಸಾಯುವುದು, ಹುಟ್ಟಿದ ಕೂಸನ್ನು ಕೊಲ್ಲುವುದು ಇಲ್ಲವೆ ಬಾವಿ ನೋಡಿಕೊಳ್ಳುವುದು. ಫುಲೆ ದಂಪತಿಗಳು ಮುಂದೆ ಬ್ರಾಹ್ಮಣ ವಿಧವೆಯೊಬ್ಬಳ ಮಗ ಯಶವಂತನನ್ನು ದತ್ತು ಪಡೆದರು. ಅವನು ವೈದ್ಯನಾದ, ೧೮೯೭ರ ಪ್ಲೇಗಿನಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಲೇ ಸಾವಿತ್ರಿಬಾಯಿ ತೀರಿಕೊಂಡರು.

ಇದೇ ಪುಣೆಗೆ ೧೮೮೨ರಲ್ಲಿ ಬಂದವರು ಪಂಡಿತಾ ರಮಾಬಾಯಿ. ಕಾರ್ಕಳ ಸಮೀಪದ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆಯವರ ಈ ಮಗಳು ಹುಟ್ಟಿದ್ದು ೧೮೫೮ರಲ್ಲಿ, ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ಆಕೆಯನ್ನು ಕನ್ನಡ ನೆಲದ ಮಗಳೆಂದು ನೆನೆಯಲು ನಮಗೆ ಹಕ್ಕುಂಟು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದ ರಮಾಬಾಯಿ, ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣದ ಬಾಗಿಲು ತೆರೆಯಬೇಕೆಂದು ವಾದಿಸಿದರು. ತಮ್ಮ ಕಾಯಿಲೆಗಳನ್ನು ಗಂಡಸಿನ ಮುಂದೆ ಹೇಳಲಾರದೆ ಅಸಂಖ್ಯ ಹೆಂಗಸರು ಅಕಾಲ ಮರಣಕ್ಕೆ ತುತ್ತಾಗುತ್ತಿದ್ದಾರೆ ಎಂಬುದು ಅವರ ವಾದದ ತಿರುಳು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಔಷಧದ ಕೊರತೆಯ ಜೊತೆಗೆ ಮಾತಿನ ಕೊರತೆಯೂ ಕೊಲ್ಲುತ್ತದೆ ಎಂಬುದನ್ನು ರಮಾಬಾಯಿ ಅಂದೇ ಗುರುತಿಸಿದ್ದರು.

ಆನಂದಿಬಾಯಿ ಜೋಶಿಯವರ ಬದುಕು ಈ ಮಾತಿಗೆ ಜೀವಂತ ಭಾಷ್ಯದಂತಿದೆ. ಒಂಬತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ಹೆರಿಗೆ. ಕೂಸು ಹತ್ತು ದಿನ ಬದುಕಿತು. ಸರಿಯಾದ ವೈದ್ಯೋಪಚಾರ ಸಿಕ್ಕಿದ್ದರೆ ಅದು ಉಳಿಯುತ್ತಿತ್ತು ಎಂಬ ಕೊರಗೇ ಆಕೆಯನ್ನು ಕಡಲು ದಾಟಿಸಿತು. ೧೮೮೬ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಆಕೆ ಪದವಿ ಪಡೆದಾಗ ಆ ಸಮಾರಂಭದಲ್ಲಿ ರಮಾಬಾಯಿಯವರೂ ಇದ್ದರು. ಆಕೆ ಪದವಿಗಾಗಿ ಬರೆದ ಪ್ರಬಂಧದ ವಿಷಯ ಹಿಂದೂಗಳಲ್ಲಿನ ಪ್ರಸೂತಿಶಾಸ್ತ್ರ. ಸ್ವದೇಶಕ್ಕೆ ಮರಳಿ ಕೆಲಸ ಆರಂಭಿಸುವ ಮೊದಲೇ, ೧೮೮೭ರ ಫೆಬ್ರವರಿಯಲ್ಲಿ, ಕ್ಷಯಕ್ಕೆ ತುತ್ತಾಗಿ ಪುಣೆಯಲ್ಲಿ ಆಕೆ ತೀರಿಕೊಂಡರು. ಆಗ ಆಕೆಯ ವಯಸ್ಸು ಇಪ್ಪತ್ತೊಂದು.

೧೮೯೧ರಲ್ಲಿ ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆ ಬಂದಾಗ ಪುಣೆ ಎರಡು ಹೋಳಾಯಿತು. ಪರಕೀಯ ಸರ್ಕಾರ ನಮ್ಮ ಮನೆಯೊಳಗೆ ಕೈಹಾಕಬಾರದೆಂದು ತಿಲಕರು ವಿರೋಧಿಸಿದರು, ಸುಧಾರಕರು ಬೆಂಬಲಿಸಿದರು. ಎರಡೂ ಕಡೆಯವರ ವಾದಗಳಲ್ಲಿ ಶಾಸ್ತ್ರವಿತ್ತು, ರಾಷ್ಟ್ರವಿತ್ತು. ಹನ್ನೆರಡರ ಹುಡುಗಿಯ ಮಾತು ಕೇಳಿಸುವುದು ಅಪರೂಪ. ಮೂರು ವರ್ಷಗಳ ತರುವಾಯ, ೧೮೯೪ರಲ್ಲಿ, ಮೈಸೂರು ಸಂಸ್ಥಾನವು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು, ಐವತ್ತು ದಾಟಿದವರು ಹದಿನಾಲ್ಕರೊಳಗಿನವರನ್ನು ಮದುವೆಯಾಗುವುದನ್ನು ನಿಷೇಧಿಸುವ ಶಾಸನ ತಂದಿತು. ಇಂದಿನ ಕಣ್ಣಿಗೆ ಅದು ಅತ್ಯಲ್ಪವೆನಿಸಬಹುದು. ದೇಶೀಯ ಪ್ರಭುತ್ವವೊಂದು ತಾನಾಗಿ ಇಟ್ಟ ಹೆಜ್ಜೆಯೆಂಬ ಕಾರಣಕ್ಕೆ ಅದು ಗಮನಾರ್ಹ.

೩

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ಮದುವೆಯ ವಯಸ್ಸಿನಿಂದ ಬಸಿರಿನ ನಿಯಂತ್ರಣಕ್ಕೆ ಹೊರಳಿತು. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಹಿರಿಯ ಮಗ ರಘುನಾಥ ಧೋಂಡೋ ಕರ್ವೆ ೧೯೨೧ರಲ್ಲಿ ಮುಂಬಯಿಯಲ್ಲಿ ಸಂತಾನನಿಯಂತ್ರಣದ ಸಲಹಾ ಕೇಂದ್ರ ತೆರೆದರು. ಈ ವಿಚಾರಗಳಿಗಾಗಿ ಅವರು ಗಣಿತದ ಪ್ರಾಧ್ಯಾಪಕ ಹುದ್ದೆಯನ್ನು ಕಳೆದುಕೊಳ್ಳಬೇಕಾಯಿತು. ೧೯೨೭ರಲ್ಲಿ ಆರಂಭಿಸಿದ 'ಸಮಾಜಸ್ವಾಸ್ಥ್ಯ' ಮಾಸಿಕವನ್ನು ೧೯೫೩ರಲ್ಲಿ ಸಾಯುವವರೆಗೂ ನಡೆಸಿದರು. ಅಶ್ಲೀಲತೆಯ ಆರೋಪದ ಮೇಲೆ ಮೊಕದ್ದಮೆಗಳು ನಡೆದವು. ೧೯೩೪ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಮೊಕದ್ದಮೆಯಲ್ಲಿ ಸೋಲಾಯಿತು. ಆದರೂ ಕಾಮವನ್ನು ಕುರಿತು ದೇಶಭಾಷೆಯಲ್ಲಿ ಬರೆದ ಮಾತ್ರಕ್ಕೆ ಅದು ಅಶ್ಲೀಲವೇ ಎಂಬ ಪ್ರಶ್ನೆ ನ್ಯಾಯಾಲಯದ ಕಟಕಟೆ ಏರಿತು. ಅದೇ ವಿಷಯ ಇಂಗ್ಲಿಷಿನಲ್ಲಿದ್ದರೆ ವಿಜ್ಞಾನ, ಮರಾಠಿಯಲ್ಲೋ ಕನ್ನಡದಲ್ಲೋ ಇದ್ದರೆ ಪೋಲಿತನ ಎಂಬ ಧೋರಣೆ ಇಂದಿಗೂ ಪೂರ್ತಿ ಅಳಿದಿಲ್ಲ.

ಕರ್ವೆ ದಂಡ ತೆರುತ್ತಿದ್ದ ಕಾಲದಲ್ಲಿಯೇ ನೆರೆಯ ಮೈಸೂರು ಬೇರೊಂದು ದಾರಿ ಹಿಡಿದಿತ್ತು. ೧೯೩೦ರ ಜೂನಿನಲ್ಲಿ ಮೈಸೂರು ಸರ್ಕಾರ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದೇ ಮುಂದಾಗಿ ಇಂಥ ಚಿಕಿತ್ಸಾಲಯಗಳನ್ನು ತೆರೆದದ್ದು ಲೋಕದಲ್ಲಿ ಇದೇ ಮೊದಲೆಂದು ಚರಿತ್ರಕಾರರು ಎಣಿಸುತ್ತಾರೆ. ೧೯೫೦ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ಸೇರಿ ನಡೆಸಿದ 'ಮೈಸೂರು ಜನಸಂಖ್ಯಾ ಅಧ್ಯಯನ' ಈ ಕ್ಷೇತ್ರದ ಮಾರ್ಗದರ್ಶಿ ಸಮೀಕ್ಷೆಗಳಲ್ಲೊಂದು. ಅದೇ ಕಾಲದಲ್ಲಿ ರಾಮನಗರದಲ್ಲಿಯೂ ದೆಹಲಿಯ ಲೋದಿ ಕಾಲೋನಿಯಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಒಂದು ಪ್ರಯೋಗ ನಡೆಯಿತು. ತಿಂಗಳಿನ ಸುರಕ್ಷಿತ ದಿನಗಳನ್ನು ಎಣಿಸಿ ಬಸಿರು ತಪ್ಪಿಸುವ ಕ್ರಮವನ್ನು ಕಲಿಸುವುದು ಅದರ ಗುರಿ. ಎಣಿಕೆಗೆಂದು ಬಣ್ಣದ ಮಣಿಗಳ ಸರಗಳನ್ನೂ ಬಳಸಲಾಯಿತು. ಪ್ರಯೋಗ ನಿರೀಕ್ಷಿತ ಫಲ ಕೊಡಲಿಲ್ಲ. ಮಣಿ ಎಣಿಸುವುದನ್ನು ಹೆಂಡತಿಗೆ ಕಲಿಸಬಹುದು. ಆದರೆ ಆ ದಿನ 'ಬೇಡ' ಎನ್ನುವ ಅಧಿಕಾರ ಅವಳ ಕೈಯಲ್ಲಿಲ್ಲದಿದ್ದರೆ ಮಣಿಯ ಲೆಕ್ಕ ಸರಿಯಿದ್ದರೂ ಬಾಳಿನ ಲೆಕ್ಕ ತಪ್ಪುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪು ತುರ್ತುಪರಿಸ್ಥಿತಿಯಲ್ಲಿ ನಡೆಯಿತು. ೧೯೭೬-೭೭ರ ಒಂದೇ ವರ್ಷದಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಹೆಚ್ಚಿನವು ಗಂಡಸರವು, ಅನೇಕವು ಬಲವಂತದವು. ಕಡ್ಡಾಯ ಸಂತಾನಹರಣದ ಮಸೂದೆಯನ್ನು ಶಾಸನಸಭೆಯಲ್ಲಿ ಅಂಗೀಕರಿಸಿದ ರಾಜ್ಯ ಮಹಾರಾಷ್ಟ್ರ. ರಾಷ್ಟ್ರಪತಿಗಳ ಅಂಕಿತ ದೊರೆಯದೆ ಅದು ಜಾರಿಗೆ ಬರಲಿಲ್ಲ. ಜನ ಸಿಟ್ಟೆದ್ದರು, ಸರ್ಕಾರ ಬಿತ್ತು. ಆ ಸಿಟ್ಟಿನ ಫಲ ಗಂಡಸಿಗೆ ದಕ್ಕಿತು. ಭಾರ ಹೆಂಗಸಿನ ಮೇಲೆ ಇಳಿಯಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಶೇಕಡಾ ೫೭ರಷ್ಟು ಮಂದಿ, ಮಹಾರಾಷ್ಟ್ರದಲ್ಲಿ ಶೇಕಡಾ ೪೯ರಷ್ಟು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಇಡೀ ದೇಶದಲ್ಲಿ ಶೇಕಡಾ ಅರ್ಧವನ್ನೂ ಮುಟ್ಟಿಲ್ಲ. ಗಂಡಸಿನ ಶಸ್ತ್ರಚಿಕಿತ್ಸೆ ಹೆಚ್ಚು ಸರಳ, ಅಪಾಯ ಕಡಿಮೆ ಎಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ಇನ್ನಷ್ಟು ನಿಚ್ಚಳವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ 'ಆಪರೇಷನ್ ಆಯ್ತಾ?' ಎಂಬ ಪ್ರಶ್ನೆಯನ್ನು ಹೆಣ್ಣಿಗೆ ಮಾತ್ರ ಕೇಳುತ್ತಾರೆ. ಯಾವ ಆಪರೇಷನ್ ಎಂದು ಬಿಡಿಸಿ ಹೇಳಬೇಕಾಗಿಲ್ಲ.

೪

ಕನ್ನಡ ಸಾಹಿತ್ಯ ಈ ಅನುಭವಲೋಕವನ್ನು ಹೇಗೆ ಕಂಡಿದೆ? ಇಲ್ಲಿ ಮೊದಲು ನೆನಪಾಗುವವರು ತ್ರಿವೇಣಿ. ಬಿ. ಎಂ. ಶ್ರೀಕಂಠಯ್ಯನವರ ಮನೆತನದಲ್ಲಿ ಹುಟ್ಟಿ, ಮನಶ್ಶಾಸ್ತ್ರ ಓದಿದ ಈ ಲೇಖಕಿಯ 'ಶರಪಂಜರ'ದ ಕಾವೇರಿ ಹೆರಿಗೆಯ ತರುವಾಯ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಗುಣಹೊಂದಿ ಮರಳಿದ ಮೇಲೂ ಮನೆ ಅವಳನ್ನು ಹುಚ್ಚಿಯೆಂದೇ ಕಾಣುತ್ತದೆ. 'ಬಾಣಂತಿ ಸನ್ನಿ' ಎಂದು ಜನ ಕರೆಯುತ್ತಿದ್ದ, ದೆವ್ವದ ಕಾಟವೆಂದು ಬಗೆಯುತ್ತಿದ್ದ ಸ್ಥಿತಿಯೊಂದನ್ನು ರೋಗವೆಂದು ತೋರಿಸಿ, ಗುಣವಾದವಳನ್ನು ಒಪ್ಪದ ಸಮಾಜದ ರೋಗವನ್ನೂ ಬಯಲಿಗೆಳೆದ ಕೃತಿಯಿದು. ಅದರ ಲೇಖಕಿ ೧೯೬೩ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತನಾಲ್ಕರ ಹರೆಯದಲ್ಲಿ ತೀರಿಕೊಂಡರು. ನಮ್ಮ ಸಾಹಿತ್ಯಚರಿತ್ರೆಗಳು ಇದನ್ನು 'ಅಕಾಲಿಕ ನಿಧನ' ಎಂಬ ಎರಡು ಪದಗಳಲ್ಲಿ ಮುಗಿಸುತ್ತವೆ. ಆರೋಗ್ಯಶಾಸ್ತ್ರದ ಲೆಕ್ಕದಲ್ಲಿ ಹೆರಿಗೆಯಾದ ನಲವತ್ತೆರಡು ದಿನಗಳೊಳಗೆ ಹೆರಿಗೆಗೆ ಸಂಬಂಧಿಸಿದ ಕಾರಣದಿಂದ ಬರುವ ಸಾವಿಗೆ 'ತಾಯಿಮರಣ'ವೆಂದು ಹೆಸರು. ಕನ್ನಡ ಕಾದಂಬರಿ ತನ್ನ ಅತ್ಯಂತ ಸೂಕ್ಷ್ಮಜ್ಞ ಲೇಖಕಿಯರಲ್ಲಿ ಒಬ್ಬರನ್ನು ಕಳೆದುಕೊಂಡದ್ದು ಬಾಣಂತನದಲ್ಲಿ ಎಂಬುದನ್ನು ನಾವು ಹೆಸರಿಟ್ಟು ಹೇಳಬೇಕಾಗಿದೆ.

ಎರಡನೆಯ ಹೆಸರು ಡಾ. ಅನುಪಮಾ ನಿರಂಜನ ಅವರದು. ವೃತ್ತಿಯಿಂದ ವೈದ್ಯೆಯಾದ ಅವರು ಕಾದಂಬರಿಗಳ ಜೊತೆಗೆ 'ತಾಯಿ-ಮಗು', 'ದಾಂಪತ್ಯ ದೀಪಿಕೆ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಮೊದಲಾದ ಪುಸ್ತಕಗಳನ್ನು ಬರೆದರು. ದೇಹದ ವಿಷಯವನ್ನು ನಾಚಿಕೆಯಿಲ್ಲದೆ, ನಾಚಿಕೆಗೇಡೂ ಆಗದಂತೆ ಹೇಳಬಲ್ಲ ಗದ್ಯವೊಂದನ್ನು ಕನ್ನಡಕ್ಕೆ ಕೊಟ್ಟ ಅವರ ಸಾಧನೆ ವಿಮರ್ಶೆಯ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಶಾಸ್ತ್ರಸಾಹಿತ್ಯವೆಂದು ಅದನ್ನು ಬದಿಗಿರಿಸಿದ್ದೇ ಇದಕ್ಕೆ ಕಾರಣವಿರಬಹುದು.

ಈ ಗದ್ಯ ಏಕೆ ಬೇಕು ಎಂಬುದಕ್ಕೆ ಮಹಾರಾಷ್ಟ್ರದ ಗಡಚಿರೋಲಿಯ ಅಧ್ಯಯನವೊಂದು ಉತ್ತರ ಕೊಡುತ್ತದೆ. ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಎರಡು ಹಳ್ಳಿಗಳ ೬೫೦ ಮಹಿಳೆಯರನ್ನು ಪರೀಕ್ಷಿಸಿ ೧೯೮೯ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಶೇಕಡಾ ೯೨ ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುನ್ನ ಅಂಥ ಪರೀಕ್ಷೆಗೆ ಒಳಗಾಗಿದ್ದವರು ಶೇಕಡಾ ೮ ಮಾತ್ರ. ಕನ್ನಡದಲ್ಲಿ 'ಬಿಳಿ ಸೆರಗು', 'ಹೊರಗಾಗುವುದು', 'ನೀರು ನಿಲ್ಲುವುದು', 'ಹೊಟ್ಟೆ ಇಳಿಸುವುದು' ಎಂಬ ಮಾತುಗಳು ಹೆಂಗಸರ ನಡುವೆ ಸಲೀಸಾಗಿ ಓಡಾಡುತ್ತವೆ. ಆಸ್ಪತ್ರೆಯ ಮೇಜಿನ ಮುಂದೆ ಬಂದೊಡನೆ ಬಾಯಿ ಕಟ್ಟುತ್ತದೆ. ವೈದ್ಯನಿಗೆ ಆ ಮಾತು ಬಾರದು, ಅವಳಿಗೆ ವೈದ್ಯನ ಮಾತು ಬಾರದು.

೫

ಭಾಷೆಯ ಈ ತೊಡಕು ಎಲ್ಲಕ್ಕಿಂತ ಗಾಢವಾಗುವುದು ವಲಸೆಯಲ್ಲಿ. ಪುಣೆ ಜಿಲ್ಲೆಯ ಖೇಡ ತಾಲೂಕಿನ ಚಾಕಣ ಇದನ್ನು ತಿಳಿಯಲು ತಕ್ಕ ಊರು. ೧೬೬೦ರಲ್ಲಿ ಫಿರಂಗೋಜಿ ನರಸಾಳಾ ಶಾಯಿಸ್ತೇಖಾನನ ಮುತ್ತಿಗೆಯನ್ನು ಎದುರಿಸಿದ ಸಂಗ್ರಾಮದುರ್ಗ ಇಲ್ಲಿಯದು. ಬಹುಕಾಲ ಈರುಳ್ಳಿಯ ಪೇಟೆಯೆಂದು ಹೆಸರಾಗಿದ್ದ ಈ ಊರು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಿಂದ ಮೋಟಾರು ಕಾರ್ಖಾನೆಗಳ ಬೀಡಾಗಿ ಬೆಳೆಯಿತು. ಕಾರ್ಖಾನೆ ಬಂದಲ್ಲಿ ಕಟ್ಟಡದ ಕೆಲಸ ಬರುತ್ತದೆ. ಕಟ್ಟಡದ ಕೆಲಸ ಬಂದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿಕಾರರು ಪುಣೆ ಸೀಮೆಗೆ ಗುಳೆ ಹೋಗುವುದು ಹಳೆಯ ವಾಡಿಕೆ.

ಇಂಥ ಕುಟುಂಬವೊಂದರ ಬಸುರಿ ಹೆಣ್ಣಿನ ಸ್ಥಿತಿಯನ್ನು ಊಹಿಸಿ ನೋಡೋಣ. ನಮ್ಮ ಸಂಪ್ರದಾಯದಂತೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು. ಮೊದಲ ಆರು ತಿಂಗಳ ತಪಾಸಣೆಯ ಚೀಟಿ ಮರಾಠಿಯಲ್ಲಿ, ಕಡೆಯ ಮೂರು ತಿಂಗಳ ತಾಯಿ ಕಾರ್ಡು ಕನ್ನಡದಲ್ಲಿ. ಒಂದೆಡೆ ರಕ್ತದ ಒತ್ತಡ ಏರಿದ್ದನ್ನು ಬರೆದಿದ್ದರೆ ಇನ್ನೊಂದೆಡೆ ಅದನ್ನು ಓದುವವರಿಲ್ಲ. ಬಾಣಂತನ ಮುಗಿಸಿ ಮರಳಿದಾಗ ಕೂಸಿನ ಚುಚ್ಚುಮದ್ದಿನ ಲೆಕ್ಕ ಮತ್ತೆ ಮೊದಲಿಂದ. ಹೆರಿಗೆ ಭತ್ಯದ ಕಾನೂನನ್ನು ೧೯೨೯ರಷ್ಟು ಹಿಂದೆಯೇ, ಭಾರತದಲ್ಲಿ ಎಲ್ಲರಿಗಿಂತ ಮೊದಲು, ಮಾಡಿದ್ದು ಮುಂಬಯಿ ಪ್ರಾಂತ. ಅಂದು ಧಾರವಾಡ, ಬೆಳಗಾವಿ, ವಿಜಯಪುರಗಳೂ ಅದರೊಳಗಿದ್ದವು. ೨೦೧೭ರಲ್ಲಿ ಹೆರಿಗೆ ರಜೆ ೨೬ ವಾರಗಳಿಗೆ ಏರಿತು. ಆದರೆ ಮೇಸ್ತ್ರಿಯ ಬಾಯಿಮಾತಿನ ಮೇಲೆ ಇಟ್ಟಿಗೆ ಹೊರುವವಳಿಗೆ ಹಾಜರಿ ಪುಸ್ತಕವೇ ಇಲ್ಲದಿರುವಾಗ ರಜೆಯೆಂಬುದು ಎಟುಕದ ಹಣ್ಣು.

ದುಡಿಮೆ ಮತ್ತು ದೇಹಗಳ ಈ ಸಂಬಂಧದ ಕ್ರೂರ ಮುಖ ಬೀಡ ಜಿಲ್ಲೆಯಲ್ಲಿ ಕಾಣಿಸಿತು. ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಗಡಿ ಜಿಲ್ಲೆಗಳಿಗೂ ಬರುವ ಆ ಜಿಲ್ಲೆಯ ಸಾವಿರಾರು ಹೆಂಗಸರು ಎಳೆಯ ಪ್ರಾಯದಲ್ಲಿಯೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಎಂಬುದು ೨೦೧೯ರಲ್ಲಿ ಬೆಳಕಿಗೆ ಬಂದು, ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಹೋಗುತ್ತದೆ, ಮುಂಗಡ ತೀರದಿದ್ದರೆ ದಂಡ ಬೀಳುತ್ತದೆ. ಸಣ್ಣ ಸೋಂಕಿಗೂ ಕ್ಯಾನ್ಸರಿನ ಭಯ ಹುಟ್ಟಿಸುವ ಖಾಸಗಿ ವೈದ್ಯರಿದ್ದಾರೆ. ಅವಳು ಸಹಿ ಹಾಕಿದ್ದಾಳೆ, ನಿಜ. ಆದರೆ ಬೇರೆ ದಾರಿಯಿಲ್ಲದವಳ ಹೆಬ್ಬೆಟ್ಟಿಗೆ ಒಪ್ಪಿಗೆಯೆಂದು ಹೆಸರಿಡಬಹುದೆ?

೬

ಲೋಕದ ಚಿತ್ರವೇನು? ವಿಶ್ವಸಂಸ್ಥೆಯ ಅಂದಾಜಿನಂತೆ ೨೦೨೩ರಲ್ಲಿ ಸುಮಾರು ೨ ಲಕ್ಷ ೬೦ ಸಾವಿರ ಹೆಂಗಸರು ಬಸಿರು-ಬಾಣಂತನಗಳ ಕಾರಣದಿಂದ ಸತ್ತರು. ಇವರಲ್ಲಿ ಶೇಕಡಾ ೭೦ರಷ್ಟು ಮಂದಿ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದವರು. ೨೦೦೦ದಲ್ಲಿ ಲಕ್ಷ ಜೀವಂತ ಜನನಗಳಿಗೆ ೩೨೮ ಇದ್ದ ಈ ಪ್ರಮಾಣ ೨೦೨೩ಕ್ಕೆ ೧೯೭ಕ್ಕೆ ಇಳಿದಿದೆ. ೨೦೧೮-೨೦ರ ಗಣನೆಯಲ್ಲಿ ಭಾರತದ ಪ್ರಮಾಣ ೯೭, ಕರ್ನಾಟಕದ್ದು ೬೯, ಮಹಾರಾಷ್ಟ್ರದ್ದು ೩೩, ಕೇರಳದ್ದು ೧೯. ಒಂದೇ ದೇಶದ ನೆರೆಹೊರೆಯ ರಾಜ್ಯಗಳ ನಡುವಣ ಈ ಅಂತರ ನಮ್ಮನ್ನು ಚಿಂತೆಗೆ ಹಚ್ಚಬೇಕು. ಕರ್ನಾಟಕದಲ್ಲಿ ಶೇಕಡಾ ೯೭ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದರೂ ಅಂತರ ಉಳಿದಿದೆಯೆಂದರೆ ಆಸ್ಪತ್ರೆಯ ಬಾಗಿಲು ದಾಟಿದ ಮೇಲಿನ ಆರೈಕೆಯತ್ತ ನೋಡಬೇಕಾಗುತ್ತದೆ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತದ್ದು ಇದನ್ನೇ ನೆನಪಿಸಿತು.

ಗರ್ಭಕಂಠದ ಕ್ಯಾನ್ಸರಿನಿಂದ ೨೦೨೨ರಲ್ಲಿ ಲೋಕದಲ್ಲಿ ಸುಮಾರು ೩ ಲಕ್ಷ ೫೦ ಸಾವಿರ ಹೆಂಗಸರು ಸತ್ತರು. ಅವರಲ್ಲಿ ಬಹುಪಾಲು ಬಡ ಹಾಗೂ ಮಧ್ಯಮ ವರಮಾನದ ದೇಶಗಳವರು. ಕರ್ನಾಟಕದ ಗಡಿಗೆ ತಾಗಿದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ ನಡೆದು ೨೦೦೯ರಲ್ಲಿ ಪ್ರಕಟವಾದ ಅಧ್ಯಯನವು, ಒಮ್ಮೆ ಮಾತ್ರ ವೈರಾಣು ಪರೀಕ್ಷೆ ಮಾಡಿದರೂ ಈ ಕ್ಯಾನ್ಸರಿನ ಸಾವುಗಳು ಅರ್ಧದಷ್ಟು ತಗ್ಗುತ್ತವೆಂದು ತೋರಿಸಿತು. ಅದನ್ನು ತಡೆಯುವ ದೇಶೀಯ ಲಸಿಕೆಯನ್ನು ೨೦೨೩ರಲ್ಲಿ ಹೊರತಂದದ್ದು ಪುಣೆಯ ಸೀರಂ ಸಂಸ್ಥೆ. ಬಾಧೆಯೂ ಪರಿಹಾರವೂ ಒಂದೇ ಸೀಮೆಯಲ್ಲಿವೆ. ನಡುವಿನ ದಾರಿ ಸವೆಯಬೇಕಾಗಿದೆ.

ಸಿರಿವಂತ ದೇಶವಾದ ಮಾತ್ರಕ್ಕೆ ಹೆಣ್ಣು ಸುರಕ್ಷಿತಳೆಂದು ಹೇಳುವಂತಿಲ್ಲ ಎಂಬುದನ್ನು ಕನ್ನಡ ನಾಡಿನ ಮಗಳೊಬ್ಬಳ ಸಾವು ಲೋಕಕ್ಕೆ ಸಾರಿತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ೨೦೧೨ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆಗೆ ಸೇರಿದಾಗ ಹದಿನೇಳು ವಾರಗಳ ಬಸುರಿ. ಗರ್ಭ ಉಳಿಯದೆಂದು ತಿಳಿದಿತ್ತು. ಅದನ್ನು ತೆಗೆಯಿರೆಂದು ಅವರು ಕೇಳಿಕೊಂಡರು. ಭ್ರೂಣದ ಎದೆಬಡಿತ ನಿಂತಿಲ್ಲವೆಂದು, ಅಲ್ಲಿನ ಕಾನೂನು ಒಪ್ಪದೆಂದು ನಿರಾಕರಿಸಲಾಯಿತು. ನಂಜೇರಿ ಅಕ್ಟೋಬರ್ ೨೮ರಂದು ಅವರು ಸತ್ತರು, ವಯಸ್ಸು ೩೧. ೧೯೭೧ರಿಂದಲೇ ಗರ್ಭಪಾತದ ಕಾನೂನಿದ್ದ ಭಾರತದಲ್ಲಿದ್ದಿದ್ದರೆ ಆ ಕೋರಿಕೆಗೆ ಕಾನೂನಿನ ಅಡ್ಡಿಯಿರಲಿಲ್ಲ. ೨೦೧೮ರ ಮೇ ೨೫ರಂದು ಐರಿಷ್ ಜನತೆ ಶೇಕಡಾ ೬೬ರ ಬಹುಮತದಿಂದ ಸಂವಿಧಾನದ ಆ ತಡೆಯನ್ನು ಕಿತ್ತುಹಾಕಿತು. ಸವಿತಾ ಅವರ ಭಾವಚಿತ್ರದ ಮುಂದೆ ಡಬ್ಲಿನ್ನಿನ ಜನ ಹೂವಿಟ್ಟು, ಕ್ಷಮೆ ಕೋರುವ ಚೀಟಿಗಳನ್ನು ಅಂಟಿಸಿದರು.

ಕಾನೂನು ಇದ್ದಲ್ಲಿಯೂ ಕೊರತೆ ಬೇರೆ ಬಗೆಯದು. ಲೋಕದಲ್ಲಿ ವರ್ಷಕ್ಕೆ ಸುಮಾರು ೭ ಕೋಟಿ ೩೦ ಲಕ್ಷ ಗರ್ಭಪಾತಗಳಾಗುತ್ತವೆ, ಅವುಗಳಲ್ಲಿ ಶೇಕಡಾ ೪೫ ಅಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೨೧ರ ತಿದ್ದುಪಡಿಯೂ, ಅವಿವಾಹಿತೆಗೂ ಸಮಾನ ಹಕ್ಕಿದೆಯೆಂದ ೨೦೨೨ರ ಸುಪ್ರೀಂ ಕೋರ್ಟಿನ ತೀರ್ಪೂ ಎಷ್ಟು ಮಂದಿ ಕನ್ನಡತಿಯರಿಗೆ ಗೊತ್ತು? ಗಂಡನ ಸಹಿ ಬೇಕೆಂಬ ನಂಬಿಕೆ ಇನ್ನೂ ವ್ಯಾಪಕವಾಗಿದೆ. ಕಾನೂನು ಕೇಳುವುದು ವಯಸ್ಕಳಾದ ಹೆಣ್ಣಿನ ಒಪ್ಪಿಗೆಯನ್ನು ಮಾತ್ರ.

೭

ಈವರೆಗಿನ ಅವಲೋಕನದಿಂದ ಒಂದು ಎಳೆ ಸ್ಪಷ್ಟವಾಗುತ್ತದೆ. ಶಾಸ್ತ್ರಿಗಳು, ಗಂಡ, ಸರ್ಕಾರ, ಮೇಸ್ತ್ರಿ, ವೈದ್ಯ ಎಂದು ತೀರ್ಮಾನಿಸುವವರು ಕಾಲಕಾಲಕ್ಕೆ ಬದಲಾದರು. ತೀರ್ಮಾನ ಹೆಣ್ಣಿನ ಕೈಗೆ ಬಂದದ್ದು ತೀರ ಕಡಿಮೆ. ಅದು ಅವಳ ಕೈಗೆ ಬರಬೇಕಾದರೆ ವಿಷಯ ಅವಳ ಮಾತಿನಲ್ಲಿ ಅವಳಿಗೆ ತಲುಪಬೇಕು. ಇಲ್ಲಿ ಕನ್ನಡದ ಅಧ್ಯಾಪಕರಿಗೂ ಸಂಶೋಧಕರಿಗೂ ಮಾಡಬೇಕಾದ ಕೆಲಸಗಳಿವೆ.

ಮೊದಲನೆಯದು, ಸೂಲಗಿತ್ತಿಯರ ಪದಸಂಪತ್ತಿನ ಸಂಗ್ರಹ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು ೨೦೧೮ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಅಂಥವರೊಡನೆ ಹೋಗುತ್ತಿರುವ ಮಾತುಗಳು ವೈದ್ಯನಿಗೂ ರೋಗಿಗೂ ನಡುವೆ ಸೇತುವಾಗಬಲ್ಲವು. ಎರಡನೆಯದು, ಆಸ್ಪತ್ರೆಗಳಲ್ಲಿ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರಗಳ ಭಾಷೆ. ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟ, ಪಂಡಿತರಿಗೂ ಬಿಡಿಸಲಾಗದ ಆ ವಾಕ್ಯಗಳನ್ನು ಓದಿ ಹೇಳಿದರೆ ಅರ್ಥವಾಗುವ ಕನ್ನಡಕ್ಕೆ ತರುವುದು ಭಾಷಾಂತರಶಾಸ್ತ್ರದ ಯಾವುದೇ ಪ್ರಬಂಧಕ್ಕಿಂತ ಕಿರಿದಾದ ಕೆಲಸವಲ್ಲ. ಮೂರನೆಯದು, ಗಡಿ ದಾಟಿ ದುಡಿಯುವ ಕನ್ನಡತಿಯರಿಗೆ ಕನ್ನಡ-ಮರಾಠಿ ಎರಡರಲ್ಲೂ ಇರುವ ತಾಯಿ ಕಾರ್ಡು. ಗಡಿಯ ಹೆಸರಿನಲ್ಲಿ ಎರಡೂ ರಾಜ್ಯಗಳ ವಿದ್ವಾಂಸರು ಬಹಳ ವಾದಿಸಿದ್ದಾರೆ. ಈ ಒಂದು ಹಾಳೆಗಾಗಿ ಅವರು ಒಟ್ಟಿಗೆ ಕುಳಿತರೆ, ಗಂಗಾಮೂಲದಲ್ಲಿ ಹುಟ್ಟಿ ಪುಣೆಯಲ್ಲಿ ಸಾಕ್ಷ್ಯ ನುಡಿದ ರಮಾಬಾಯಿಯವರ ಮಾತಿಗೆ ತಡವಾಗಿಯಾದರೂ ಉತ್ತರ ಕೊಟ್ಟಂತಾಗುತ್ತದೆ.